ಒಡೆದ ಪ್ಯಾನೆಲಿಗೆ ಕಟ್ಟಿದ ಕೆಂಪು ಬಟ್ಟೆ

ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಗಾಜು ತೊಳೆಸುತ್ತೇನೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ದೊಡ್ಡೇರಿ ಕಡೆಯ ನಮ್ಮ ನೆಂಟರೊಬ್ಬರು ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು, ಐಟಿಐ ಓದಿದವಳು ಕೊನೆಗೆ ನೆಲ ಒರೆಸುವ ಕೋಲನ್ನೇ ಹಿಡಿದಳು ನೋಡಿ ಎಂದು ಎಲ್ಲರಿಗೂ ಕೇಳುವ ಹಾಗೆ ಆಡಿಕೊಂಡರು. ನಾನೂ ಸುಮ್ಮನಿರುವ ಪೈಕಿಯಲ್ಲ. ನಿಮ್ಮ ಮನೆಯ ನೆಲ ಒರೆಸಿದರೆ ಕರೆಂಟು ಹೊಡೆಯುತ್ತದಾ ಮಾವ ಎಂದು ಕೇಳಿದೆ. ಪಾಯಸ ಬಡಿಸುವವರು ನಕ್ಕರು, ಅವರು ನಗಲಿಲ್ಲ.

ಪಾವಗಡದ ಆಚೆ, ಆಂಧ್ರದ ಗಡಿಗೆ ಹತ್ತಿರ, ಕಣ್ಣು ಹಾಯುವ ತನಕ ಸೋಲಾರ್ ಪ್ಯಾನೆಲ್ ಹಾಸಿದ ಬಯಲುಗಳಿವೆ. ಅಂಥದೊಂದು ಘಟಕದಲ್ಲಿ ಪ್ಯಾನೆಲ್ ತೊಳೆಯುವ ಹೆಂಗಸರ ಗುಂಪಿಗೆ ನಾನು ಸೂಪರ್‌ವೈಸರ್. ಹೊರಗಿನವರಿಗೆ ಇದರಲ್ಲಿ ಏನು ಅಪಾಯವಿದೆ ಎಂದು ತಿಳಿಯುವುದಿಲ್ಲ. ಮನೆಯ ದೀಪವಾದರೆ ಸ್ವಿಚ್ ಒತ್ತಿದರೆ ಆರುತ್ತದೆ. ಪ್ಯಾನೆಲಿಗೆ ಅಂಥ ಸ್ವಿಚ್ಚೇ ಇಲ್ಲ. ಬೆಳಕು ಬಿದ್ದ ಗಳಿಗೆಯಿಂದ ಅದು ಕರೆಂಟು ಹುಟ್ಟಿಸುತ್ತಲೇ ಇರುತ್ತದೆ. ಸಾಲಿನ ಕೊನೆಯ ಪೆಟ್ಟಿಗೆಯಲ್ಲಿ ಸ್ವಿಚ್ ಆರಿಸಿದರೆ ಕರೆಂಟು ಮುಂದಕ್ಕೆ ಹರಿಯುವುದು ನಿಲ್ಲುತ್ತದೆಯೇ ಹೊರತು ಪ್ಯಾನೆಲಿನೊಳಗೆ ಇರುವುದು ಎಲ್ಲಿಗೂ ಹೋಗುವುದಿಲ್ಲ. ಗಾಜು ಗಟ್ಟಿಯಾಗಿದ್ದು, ಅರ್ಥಿಂಗ್ ಪಟ್ಟಿ ನೆಲಕ್ಕೆ ಸರಿಯಾಗಿ ಇಳಿದಿದ್ದರೆ ಭಯವಿಲ್ಲ. ಗಾಜು ಒಡೆದು ಒಳಗೆ ನೀರು ಇಳಿಯಿತೋ, ಸುತ್ತಲಿನ ಅಲ್ಯುಮಿನಿಯಂ ಚೌಕಟ್ಟು ಮುಟ್ಟಿದವರ ಗತಿ ದೇವರೇ ಬಲ್ಲ. ದೇವರು ಅಂದದ್ದು ಮಾತಿಗೆ. ನಮ್ಮ ಮನೆಯಲ್ಲಿ ಬುದ್ಧನ ಫೋಟೊ ಬಿಟ್ಟರೆ ಬೇರೇನಿಲ್ಲ.

ಹಾಗಾಗಿ ನಮ್ಮ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗಿ, ಬಿಸಿಲು ಏರುವ ಹೊತ್ತಿಗೆ ಮುಗಿಯುತ್ತದೆ. ಗಾಜು ಕಾದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಕೈಯ ಹಿಂಭಾಗವನ್ನು ಗಾಜಿಗೆ ತಾಗಿಸಿ, ಬೆಚ್ಚಗಿದೆ ಅನ್ನಿಸಿದರೆ ಅವತ್ತಿಗೆ ನೀರು ಬಂದ್. ಇಲ್ಲಿನ ಕೊಳವೆಬಾವಿಯ ನೀರು ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ, ಅದಕ್ಕೆ ಫಿಲ್ಟರ್ ಮಾಡಿದ ನೀರನ್ನೇ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ತರಬೇಕು. ಉದ್ದ ಕೋಲಿನ ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಪ್ಯಾನೆಲಿನ ಮೇಲೆ ಕಾಲಿಡುವುದಿರಲಿ, ಮೊಣಕೈ ಊರುವ ಹಾಗೂ ಇಲ್ಲ. ಹಕ್ಕಿಯ ಹಿಕ್ಕೆಯನ್ನು ಒದ್ದೆ ಬಟ್ಟೆ ಹಾಕಿ ನೆನೆಸಿ ತೆಗೆಯಬೇಕು. ಮೊದಲ ವಾರ ನಮ್ಮ ಹೆಂಗಸರು ಹಬ್ಬದ ಪಾತ್ರೆ ಬೆಳಗಿದ ಹಾಗೆ ತೆಂಗಿನ ನಾರು, ಬೂದಿ ತಂದು ಒಂದು ಸಾಲನ್ನು ತಿಕ್ಕಿಬಿಟ್ಟಿದ್ದರು. ಗೀರುಬಿದ್ದ ಆ ಗಾಜುಗಳನ್ನು ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾಳಿಯ ಸರ ಚೌಕಟ್ಟಿಗೆ ತಾಗದಂತೆ ಕೋಟಿನ ಒಳಗೆ ಸೇರಿಸಿ ಗುಂಡಿ ಹಾಕಿಸುವುದು ನನ್ನ ದಿನದ ಮೊದಲ ಕೆಲಸ.

ಇನ್ನು ಒಡೆದ ಪ್ಯಾನೆಲುಗಳ ವಿಷಯ. ಸಾಲುಗಳ ನಡುವೆ ಹುಲ್ಲು ಕತ್ತರಿಸುವ ಯಂತ್ರ ಓಡಿಸುವಾಗ ಕಲ್ಲು ಸಿಡಿದು ಗಾಜಿಗೆ ಬಡಿಯುತ್ತದೆ. ಒಡೆದ ಗಾಜು ಕೆಳಗೆ ಉದುರುವುದಿಲ್ಲ, ಜೇಡರ ಬಲೆಯ ಹಾಗೆ ಗೆರೆ ಮೂಡಿ ಅಲ್ಲೇ ನಿಲ್ಲುತ್ತದೆ. ಮಸುಕಿನಲ್ಲಿ, ಧೂಳು ಕೂತ ಮೇಲೆ, ಹತ್ತಿರ ನಿಂತರೂ ಅದು ಕಾಣದು. ಹೊಸ ಪ್ಯಾನೆಲ್ ಬಂದು ಬದಲಾಯಿಸುವ ತನಕ ಆ ಟೇಬಲಿಗೆ, ಅಂದರೆ ಆ ಪ್ಯಾನೆಲುಗಳು ಕೂತಿರುವ ಕಬ್ಬಿಣದ ಚೌಕಿಗೆ, ಒಂದು ಹನಿ ನೀರೂ ಬೀಳಬಾರದು ಎಂಬುದು ನಿಯಮ. ಅದನ್ನು ಗುರುತಿಸಲು ಕಂಪನಿ ಇಂಗ್ಲಿಷ್ ಅಕ್ಷರದ ಪ್ಲಾಸ್ಟಿಕ್ ಚೀಟಿ ಕೊಟ್ಟಿತ್ತು. ಬಿಸಿಲಿಗೆ ಅಕ್ಷರ ಹೋಯಿತು, ಗಾಳಿಗೆ ಚೀಟಿ ಹೋಯಿತು.

ಆಗ ಉಪಾಯ ಹೇಳಿದವನು ಕಂಟ್ರೋಲ್ ರೂಮಿನ ಆಪರೇಟರ್. ನನಗಿಂತ ಚಿಕ್ಕವನು, ಪಕ್ಕದ ಊರಿನವನು. ನಾನು ತಮ್ಮ ಅನ್ನುತ್ತಿದ್ದೆ, ಅವನು ಅಕ್ಕ ಅನ್ನುತ್ತಿದ್ದ. ಸ್ವಿಚ್ ಆರಿಸಿದರೂ ಪ್ಯಾನೆಲ್ ಆರುವುದಿಲ್ಲ ಎಂದು ಮೀಟರ್ ಹಿಡಿದು ನನಗೆ ತೋರಿಸಿಕೊಟ್ಟವನೂ ಅವನೇ. ಒಂದು ದಿನ ಪಾವಗಡದ ಪೇಟೆಯಿಂದ ಕೆಂಪು ರವಿಕೆ ಕಣ ತಂದು ಉದ್ದಕ್ಕೆ ಹರಿದು, ಇದನ್ನು ಕಟ್ಟೋಣ ಅಕ್ಕ, ಓದೋಕೆ ಬರದವರಿಗೂ ತಿಳಿಯುತ್ತೆ ಅಂದ. ಮೊದಲ ತುಂಡನ್ನು ಕಟ್ಟಿದ್ದು ಅವನ ದೊಡ್ಡಮ್ಮ, ಅವನ ತಾಯಿಯ ಅಕ್ಕ. ಆಕೆ ನಮ್ಮ ಗುಂಪಿನ ಹಿರಿಯಾಕೆ. ಅವರ ಮನೆಮಾತು ತೆಲುಗಾದ್ದರಿಂದ ಅವನು ಆಕೆಯನ್ನು ಪೆದ್ದಮ್ಮ ಎಂದು ಕರೆಯುತ್ತಿದ್ದ. ಅದೇ ರೂಢಿಯಾಗಿ ನಮಗೆಲ್ಲ ಆಕೆ ಪೆದ್ದಮ್ಮ. ತಾಯಿಯಿಲ್ಲದ ಅವನನ್ನು ಸಾಕಿ, ಪಾವಗಡಕ್ಕೆ ಕಳಿಸಿ ಓದಿಸಿದ್ದು ಆಕೆಯೇ.

ಪೆದ್ದಮ್ಮ ಬಟ್ಟೆಯ ತುದಿಗೆ ಅರಿಶಿನದ ಕೊಂಬು ಸೇರಿಸಿ ಗಂಟು ಹಾಕಿ, ಮಾರಮ್ಮನ ಹೆಸರು ಹೇಳಿ ಕಟ್ಟಿದಳು. ಅಲ್ಲಿಗೆ ಅದು ಕಂಪನಿಯ ಗುರುತಾಗಿ ಉಳಿಯಲಿಲ್ಲ, ಮಾರಮ್ಮನ ಬಟ್ಟೆಯಾಯಿತು. ಆ ಸೀಮೆಯಲ್ಲಿ ಹುಟ್ಟಿದ ಯಾರೂ ಅದನ್ನು ಬಿಚ್ಚುವವರಲ್ಲ. ಹುಲ್ಲು ಕತ್ತರಿಸುವವರು ಅದನ್ನು ಕಂಡರೆ ಯಂತ್ರ ನಿಲ್ಲಿಸಿ ಸುತ್ತು ಹಾಕಿ ಹೋಗುತ್ತಿದ್ದರು. ಪ್ಯಾನೆಲ್ ಬದಲಾದ ದಿನ ಆಪರೇಟರೇ ಬಂದು ಹೆಂಗಸರ ಎದುರಿಗೆ ಬಿಚ್ಚಿ, ಪೆದ್ದಮ್ಮನ ಕೈಗೆ ಕೊಡಬೇಕು. ಬಟ್ಟೆ ಇದ್ದರೆ ನೀರಿಲ್ಲ, ಬಟ್ಟೆ ಇಲ್ಲದಿದ್ದರೆ ನೀರು. ಆರಿಸಿದ ಸ್ವಿಚ್ಚನ್ನು ಬೇರೆಯವರು ಹಾಕದಂತೆ ಪೆಟ್ಟಿಗೆಗೆ ಹಾಕಲು ಕೊಟ್ಟಿದ್ದ ಬೀಗಗಳು ಧೂಳು ತಿಂದು ಕಚ್ಚಿಕೊಂಡಾಗ ನಾನು ಹೊಸದು ಬೇಕೆಂದು ಹಟ ಹಿಡಿಯಲೂ ಇಲ್ಲ. ಬೀಗಕ್ಕಿಂತ ಆ ಬಟ್ಟೆ ಗಟ್ಟಿ ಎಂದು, ದೇವರಿಗೆ ಕೈ ಮುಗಿಯದ ನಾನೇ ಎಲ್ಲರಿಗಿಂತ ಹೆಚ್ಚು ನಂಬಿಬಿಟ್ಟಿದ್ದೆ.

ಕಡಲೆಕಾಯಿ ಬಿಡಿಸುವ ಕಾಲ ಬಂತು. ಸುತ್ತಲಿನ ಕಣಗಳಿಂದ ಹೊಟ್ಟು ಹಾರಿ ಬಂದು ಇಬ್ಬನಿಗೆ ಅಂಟಿ ಗಾಜೆಲ್ಲ ಮಂಕಾಯಿತು. ಅದೇ ಹೊತ್ತಿಗೆ ಘಟಕವನ್ನು ಬೇರೆ ಕಂಪನಿ ಕೊಳ್ಳಲಿದೆ, ಅವರ ಕಡೆಯವರು ನೋಡಲು ಬರುತ್ತಾರೆ ಎಂಬ ಸುದ್ದಿ. ಸೈಟ್ ಇನ್‌ಚಾರ್ಜ್ ಹೊರ ರಾಜ್ಯದವರು, ಕನ್ನಡ ಅಷ್ಟಕ್ಕಷ್ಟೇ, ಕೆಟ್ಟ ಮನುಷ್ಯರಲ್ಲ. ಆದರೆ ಆ ವಾರ ಅವರಿಗೆ ನಿದ್ದೆ ಊಟ ಇರಲಿಲ್ಲ. ಗೇಟಿನ ಪಕ್ಕದ ಬ್ಲಾಕಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಬಟ್ಟೆ ಹಾರಾಡುವುದನ್ನು ಕಂಡು, ಬಂದವರ ಕಣ್ಣಿಗೆ ಮೊದಲು ಬೀಳುವುದು ಇದೇ, ತೆಗೆಸು ಎಂದು ನನಗೆ ಹೇಳಿದರು. ಪ್ಯಾನೆಲ್ ತರಿಸಿ, ಬಟ್ಟೆ ತಾನಾಗಿ ಹೋಗುತ್ತದೆ ಅಂದೆ. ಹೊಸ ಪ್ಯಾನೆಲ್ ಬರಲು ಇನ್ನೂ ದಿನ ಹಿಡಿಯುತ್ತದೆ ಅಂದರು. ಹಾಗಾದರೆ ಬಟ್ಟೆಯೂ ಅಷ್ಟೇ ದಿನ ಇರುತ್ತದೆ ಅಂದೆ. ಅವರು ಕೈಯಾಡಿಸಿ ಹೊರಟುಹೋದರು. ನಾನು ಗೆದ್ದೆ ಅಂದುಕೊಂಡೆ. ಆಪರೇಟರ್ ಪಕ್ಕದಲ್ಲೇ ನಿಂತು ನಗುತ್ತಿದ್ದ, ಅಕ್ಕನ ಬಾಯಿಗೆ ಯಾರೂ ನಿಲ್ಲಲ್ಲ ಎಂದು ಹೊಗಳಿದ ಕೂಡ.

ನೋಡಲು ಬರುವವರಿದ್ದ ದಿನ ಇಬ್ಬನಿ ದಟ್ಟವಾಗಿತ್ತು. ಹೆಂಗಸರನ್ನು ಎರಡು ಗುಂಪು ಮಾಡಿದೆ. ದೂರದ ಬ್ಲಾಕಿಗೆ ಹೋಗಬೇಕಿದ್ದ ಟ್ಯಾಂಕರಿನ ಪಂಪು ತಕರಾರು ಮಾಡುತ್ತಿದ್ದರಿಂದ ನಾನು ಆ ಗುಂಪಿನ ಜೊತೆ ಹೋದೆ. ಪೆದ್ದಮ್ಮನ ಗುಂಪು ಗೇಟಿನ ಪಕ್ಕದ ಬ್ಲಾಕಿಗೆ ಹೋಯಿತು. ಪೆದ್ದಮ್ಮನಿಗೆ ನಾನು ಬೇರೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಬಟ್ಟೆ ಇತ್ತಲ್ಲ.

ಪೂರ್ವಕ್ಕೆ ಬೆಳಕು ಚೆನ್ನಾಗಿ ಮೂಡಿತ್ತು. ನಾನು ಪಂಪಿನ ಪೈಪು ಬಿಚ್ಚಿ ಊದುತ್ತಿದ್ದೆ. ಗೇಟಿನ ಕಡೆಯಿಂದ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿಕೊಂಡು ಓಡಿಬಂದು ನನ್ನ ಮುಂದೆ ನಿಂತಳು. ಬಂದ ದಿಕ್ಕಿಗೆ ಕೈ ತೋರಿಸಿದಳು. ನಾನು ಓಡಿದೆ.

ಪೆದ್ದಮ್ಮ ಎರಡು ಸಾಲುಗಳ ನಡುವೆ ಬಿದ್ದಿದ್ದಳು. ಗ್ಲೌಸು ಹಾಕಿದ್ದಳು, ಬೂಟು ಹಾಕಿದ್ದಳು. ಮೇಲಿನ ಮೂಲೆಯ ಹಿಕ್ಕೆ ಒರೆಸಲು ಬಾಗಿದಾಗ ಗ್ಲೌಸು ಮುಗಿದ ಜಾಗದಲ್ಲಿ ತೋಳು ಚೌಕಟ್ಟಿಗೆ ತಾಗಿತ್ತು. ಕರೆಂಟು ಆಕೆಯನ್ನು ಹಿಂದಕ್ಕೆ ಎಸೆದು, ಹೆಗಲು ಕಾಂಕ್ರೀಟಿನ ಬುಡಕ್ಕೆ ಬಡಿದಿತ್ತು. ಅಷ್ಟು ಪುಣ್ಯ, ಕಚ್ಚಿ ಹಿಡಿದಿರಲಿಲ್ಲ. ಹೆಂಗಸರೆಲ್ಲ ಆಕೆಯ ಸುತ್ತ ಮುಗಿಬಿದ್ದಿದ್ದರು, ಒಬ್ಬಳಂತೂ ಅದೇ ಟೇಬಲಿನ ಕಾಲು ಹಿಡಿದು ನಿಲ್ಲುವುದರಲ್ಲಿದ್ದಳು. ಎಲ್ಲರನ್ನೂ ದೂರ ಸರಿಸಿದೆ. ಟ್ಯಾಂಕರಿನ ನೀರು ನಿಲ್ಲಿಸಿ, ಸಾಲಿನ ಕೊನೆಯ ಪೆಟ್ಟಿಗೆಯ ಸ್ವಿಚ್ ಕೆಳಗಿಳಿಸಿ ಬಂದು ಪೆದ್ದಮ್ಮನ ಮೂಗಿನ ಬಳಿ ಕೈ ಹಿಡಿದೆ. ಉಸಿರಿತ್ತು. ಇನ್‌ಚಾರ್ಜರ ಜೀಪಿನಲ್ಲಿ ಮಲಗಿಸಿಕೊಂಡು ಪಾವಗಡದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಧುಗಿರಿಗೆ ಸಾಗಿಸಿದೆವು. ತೋಳಿನ ಚರ್ಮ ಸುಟ್ಟಿತ್ತು, ಹೆಗಲ ಮೂಳೆ ಮುರಿದಿತ್ತು. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಗೋಡೆಗೆ ಒರಗಿ ಕುಳಿತು ಅತ್ತೆ.

ಅವತ್ತೇ ಸೈಟಿಗೆ ಹಿಂತಿರುಗಿ ಆ ಟೇಬಲನ್ನು ನೋಡಿದೆ. ಗಾಜಿನ ಮೂಲೆಯಲ್ಲಿ ಬಿರುಕಿತ್ತು. ಕೆಳಗೆ ಅರ್ಥಿಂಗ್ ಪಟ್ಟಿ ಹುಲ್ಲಿನ ಯಂತ್ರ ತಗುಲಿ ತುಂಡಾಗಿತ್ತು. ಬಟ್ಟೆ ಇರಲಿಲ್ಲ. ಆ ಬ್ಲಾಕಿನಲ್ಲಿ ಎಲ್ಲೂ ಬಟ್ಟೆ ಇರಲಿಲ್ಲ. ಒಂದೇ ಥರದ ಅಷ್ಟು ಸಾಲುಗಳಲ್ಲಿ ಬಟ್ಟೆ ಯಾವ ಟೇಬಲಿಗಿತ್ತೆಂದು ಇಬ್ಬನಿಯ ಮಬ್ಬಿನಲ್ಲಿ ಪೆದ್ದಮ್ಮನಿಗಾದರೂ ಹೇಗೆ ನೆನಪಾಗಬೇಕು. ಇನ್‌ಚಾರ್ಜರು ಗ್ಲೌಸು ಸರಿಯಾಗಿ ಹಾಕಿರಲಿಕ್ಕಿಲ್ಲ ಅಂದರು. ಬಟ್ಟೆ ಎಲ್ಲಿ ಎಂದು ಕೇಳಿದೆ. ಗಾಳಿಗೆ ಹಾರಿರಬೇಕು ಅಂದರು. ಪೆದ್ದಮ್ಮ ಹಾಕಿದ ಗಂಟು ಗಾಳಿಗೆ ಬಿಚ್ಚುವುದಾದರೆ ಪ್ಯಾನೆಲುಗಳೂ ಹಾರಬೇಕಿತ್ತು. ಇವರೇ ತೆಗೆಸಿದ್ದಾರೆ ಎನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಹೊರಗಿನಿಂದ ಬಂದವರು, ಅವರಿಗೆ ಅದು ಬರೀ ಚಿಂದಿ, ಯಾರೋ ಕೂಲಿಯವರಿಂದ ಕೀಳಿಸಿ ಕಸಕ್ಕೆ ಹಾಕಿಸಿದ್ದಾರೆ ಎಂದು ಕಸದ ಗುಂಡಿಯನ್ನೂ ಕೆದಕಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಯಾವ ಸಾಲಿನಲ್ಲಿ ಕರೆಂಟಿನ ಸೋರಿಕೆ ತೋರಿಸಿತ್ತು ಎಂದು ತಿಳಿಯಲು ಕಂಟ್ರೋಲ್ ರೂಮಿಗೆ ಹೋದೆ. ಆಪರೇಟರ್ ಕುರ್ಚಿಯಲ್ಲಿ ಇರಲಿಲ್ಲ. ಬಾಗಿಲ ಎದುರಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಹಲಗೆ ಹೊಡೆದು ದೇವರ ಫೋಟೊ ಇಟ್ಟಿದ್ದಾರೆ. ಅದರ ಕೆಳಗೆ ಕೆಂಪು ಬಟ್ಟೆಗಳು ಇದ್ದವು. ಒಂದರ ಮೇಲೊಂದು ನೀಟಾಗಿ ಮಡಿಸಿ, ಅರಿಶಿನದ ಕೊಂಬುಗಳನ್ನು ಮೇಲೆ ಸಾಲಾಗಿ ಇಟ್ಟು, ಒಂದು ಹೂವನ್ನೂ ಏರಿಸಿದ್ದರು.

ಇನ್‌ಚಾರ್ಜರಾಗಿದ್ದರೆ ಕಸಕ್ಕೆ ಎಸೆಯುತ್ತಿದ್ದರು. ಮಾರಮ್ಮನ ಬಟ್ಟೆ ನೆಲಕ್ಕೆ ಬೀಳಬಾರದು ಎಂದು ಎತ್ತರದಲ್ಲಿ ಇಡುವವನು ಈ ಊರಿನವನೇ ಆಗಬೇಕು. ತಪ್ಪುಕಾಣಿಕೆಯ ಹಾಗೆ ಹೂವು ಇಟ್ಟಿದ್ದಾನೆ, ಆದರೂ ಬಿಚ್ಚಿದ್ದಾನೆ. ದೇವರಿಗೆ ಸಮಾಧಾನ ಹೇಳಲು ಅವನಿಗೆ ಪುರುಸೊತ್ತಿತ್ತು, ನನಗೆ ಒಂದು ಮಾತು ಹೇಳಲು ಇರಲಿಲ್ಲ.

ಅವನು ಟೀ ಲೋಟ ಹಿಡಿದು ಒಳಗೆ ಬಂದ. ನಾನು ಎಲ್ಲಿ ನೋಡುತ್ತಿದ್ದೇನೆಂದು ಕಂಡು ಲೋಟ ಕೆಳಗಿಟ್ಟ.

“ಅಕ್ಕ, ಕೂತ್ಕ. ಹೇಳ್ತೀನಿ.”

“ನಿಂತೇ ಕೇಳ್ತೀನಿ ಹೇಳು.”

“ನಿನ್ನೆ ಸಂಜೆ ಸಾರು ಒಂದೊತ್ತಿನ ಮಟ್ಟಿಗೆ ತೆಗಿ ಅಂದ್ರು. ಬಂದೋರು ನೋಡ್ಕಂಡು ಹೋದ್ಮೇಲೆ ಕಟ್ಬುಡಾನ ಅಂತ. ಹೊಸ ಕಂಪನಿಯೋರ್ಗೆ ನನ್ ಹೆಸ್ರು ಹೇಳ್ತೀನಿ ಅಂದಿದ್ರು ಕಣಕ್ಕ. ನಿಂಗೆ ಫೋನ್ ಮಾಡ್ದೆ, ಸಿಗ್ಲಿಲ್ಲ.”

ನಾನು ಫೋನು ತೆಗೆದು ಅವನ ಮುಂದೆ ಹಿಡಿದೆ. ಅವನ ಕರೆ ಅದರಲ್ಲಿ ಇರಲಿಲ್ಲ. ಅವನು ಅದನ್ನು ಮುಟ್ಟಲಿಲ್ಲ.

“ಮರ್ತ್ಬುಟ್ಟೆ,” ಅಂದ.

ಮರೆತನೋ, ಹೇಳಿದರೆ ನಾನು ಬಿಡುವುದಿಲ್ಲ ಎಂದು ಬೇಕೆಂದೇ ಹೇಳಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂದು ಹಿರಿಯರು ಕೇಳುತ್ತಿದ್ದರು. ಆ ಬೇಲಿಯನ್ನು ನಂಬಿ ಕೂತವಳು ನಾನು, ನನಗೆ ಅದಕ್ಕೇ ಹೆಚ್ಚು ಉರಿಯಿತು. ಪೆದ್ದಮ್ಮನಿಗೆ ಗೊತ್ತಾದರೆ ಸತ್ತೇ ಹೋಗುತ್ತಾಳೆ, ಹೇಳಬೇಡ ಎಂದು ಕೈ ಮುಗಿದ. ಸಾಯುವುದಿದ್ದರೆ ಬೆಳಿಗ್ಗೆಯೇ ಸಾಯುತ್ತಿದ್ದಳಲ್ಲ ಎಂದು ಹೇಳಿ ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಬಂದರು. ಹಿಂದಿನ ದಿನ ಬರಬೇಕಿದ್ದವರ ಭೇಟಿಯನ್ನು ಏನೋ ನೆಪ ಹೇಳಿ ಅಂದಿಗೆ ಮುಂದೂಡಿದ್ದರು. ಇನ್‌ಚಾರ್ಜರು ತೊಳೆಯಲು ಶುರು ಮಾಡಿ ಅಂದರು. ನಾನು ಟ್ಯಾಂಕರುಗಳ ಕೀಲಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ. ಪ್ರತಿ ಟೇಬಲನ್ನೂ ನೋಡುವ ತನಕ ನೀರಿಲ್ಲ ಅಂದೆ. ಕೆಲಸ ಹೋಗುತ್ತದೆ ಅಂದರು. ಹೋಗಲಿ ಅಂದೆ. ಹೆಂಗಸರು ಕೋಲುಗಳನ್ನು ನೆಲಕ್ಕೆ ಇಟ್ಟು ನನ್ನ ಹಿಂದೆ ಕುಳಿತರು. ಆ ಒಂದು ಗಳಿಗೆ ನನಗೆ ಎದೆ ತುಂಬಿ ಬಂದದ್ದು ನಿಜ.

ಆಮೇಲೆ ಕೆಲಸ ಹೀಗೆ ಮಾಡಿದೆವು. ಇಬ್ಬರಿಗೊಂದು ಸಾಲು. ಒಬ್ಬಳು ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿಯುವುದು, ಒಬ್ಬಳು ನೋಡುವುದು. ಬೆಳಕು ನೇರ ಬಿದ್ದರೆ ಬಿರುಕು ಕಾಣುವುದಿಲ್ಲ, ಓರೆ ಬಿದ್ದರೆ ಗೆರೆ ಮಿಂಚುತ್ತದೆ. ಘಟಕದ ಎಲೆಕ್ಟ್ರಿಷಿಯನ್ ಹಿಂದಿನಿಂದ ಬಂದು ಪ್ರತಿ ಟೇಬಲಿನ ಅರ್ಥಿಂಗ್ ಪಟ್ಟಿಯನ್ನು ಎಳೆದು ನೋಡಿ, ಮೀಟರ್ ಇಟ್ಟು ಅಳೆದ. ಅನುಮಾನ ಬಂದ ಸಾಲುಗಳಲ್ಲಿ ಮೊದಲು ಪೆಟ್ಟಿಗೆಯ ಸ್ವಿಚ್ ಇಳಿಸಿ, ಕರೆಂಟು ಹರಿಯುತ್ತಿಲ್ಲ ಎಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆಯೇ ಪ್ಯಾನೆಲುಗಳ ನಡುವಿನ ಜೋಡಣೆ ಕಳಚಿ ತುದಿಗೆ ಮುಚ್ಚಳ ಹಾಕಿದೆವು. ಹರಿಯುವಾಗ ಕಳಚಿದರೆ ಕಿಡಿ ಹಾರಿ ಮುಖ ಸುಡುತ್ತದೆ. ನಮಗೆ ಗೊತ್ತೇ ಇಲ್ಲದ ಒಡಕು ಪ್ಯಾನೆಲುಗಳೂ ಸಿಕ್ಕವು. ಹೊಸ ಕಂಪನಿಯವರು ಬಂದಾಗ ಗಾಜುಗಳೆಲ್ಲ ಮಂಕಾಗಿಯೇ ಇದ್ದವು, ನಾವು ಟಾರ್ಚು ಹಿಡಿದು ಓಡಾಡುತ್ತಿದ್ದೆವು. ಅವರು ಏನೆಂದು ಕೇಳಿದರು. ನಾನು ಮುಚ್ಚಿಡದೆ ಹೇಳಿದೆ.

ಹಾಗಾಗಿ ವಿಚಾರಣೆಗೆ ಸುರಕ್ಷತೆಯ ಅಧಿಕಾರಿಯೊಬ್ಬರು ಬೆಂಗಳೂರಿನಿಂದ ಬಂದರು. ಆ ಹೊತ್ತಿಗೆ ಪೆದ್ದಮ್ಮ ಆಸ್ಪತ್ರೆಯಿಂದ ಬಂದು ಮಗನ ಹಾಗೆ ಸಾಕಿದ್ದ ಆಪರೇಟರನ ಮನೆಯಲ್ಲೇ ಇದ್ದಳು. ನನಗೆ ಬೇಕಾಗಿದ್ದದ್ದು ಒಂದೇ. ತಪ್ಪು ಪೆದ್ದಮ್ಮನದಲ್ಲ ಎಂದು ಎಲ್ಲರ ಮುಂದೆ ತೀರ್ಮಾನವಾಗಬೇಕು, ಗುಣವಾದ ಮೇಲೆ ಆಕೆ ತಲೆಯೆತ್ತಿಕೊಂಡು ಕೆಲಸಕ್ಕೆ ಬರಬೇಕು. ತಪ್ಪು ಆಕೆಯದು ಎಂದಾದರೆ ಗೇಟಿನ ಒಳಗೆ ಬಿಡುವುದಿಲ್ಲ.

ಇನ್‌ಚಾರ್ಜರು ತಾವು ಬಟ್ಟೆ ತೆಗೆಯಲು ಯಾರಿಗೂ ಹೇಳಿಲ್ಲ ಅಂದರು. ಆಪರೇಟರ್ ತನಗೇನೂ ಗೊತ್ತಿಲ್ಲ ಅಂದ, ಅನ್ನುವಾಗ ಕಿಟಕಿಯ ಕಡೆ ನೋಡಿದ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಫೋಟೊದ ಕೆಳಗೆ ಈಗ ಏನೂ ಇಲ್ಲವಲ್ಲ ಎಂದು ಅಧಿಕಾರಿ ಕೇಳಿದರು. ಅವತ್ತು ಇತ್ತು, ಪೆದ್ದಮ್ಮನನ್ನೇ ಕೇಳಿ, ಬಟ್ಟೆ ಇದ್ದ ಟೇಬಲಿಗೆ ಆಕೆ ಕೈ ಹಾಕುವವಳಲ್ಲ ಅಂದೆ. ಅಧಿಕಾರಿ ಪೆದ್ದಮ್ಮನನ್ನು ಕರೆಸಿದರು. ಕೈಯನ್ನು ಕುತ್ತಿಗೆಗೆ ಕಟ್ಟಿ ತೂಗುಹಾಕಿಕೊಂಡು ಆಕೆ ನಿಧಾನಕ್ಕೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಳು. ನನ್ನನ್ನು ನೋಡಲಿಲ್ಲ.

“ಬಟ್ಟೆ ಯಾರು ಬಿಚ್ಚಿದ್ದು ಅಂತ ಗೊತ್ತೇನಮ್ಮ?” ಎಂದು ಅಧಿಕಾರಿ ಕೇಳಿದರು.

“ನಾನೇ ಸಾಮಿ,” ಅಂದಳು ಪೆದ್ದಮ್ಮ. “ಧೂಳಾಗಿತ್ತು. ಒಗೆದು ಕಟ್ಟಾನ ಅಂತ ಬಿಚ್ಚಿದ್ದೆ. ಆಮೇಲೆ ಮರ್ತು ನೀರಾಕ್ಬುಟ್ಟೆ. ಯಾರ್ದೂ ತಪ್ಪಿಲ್ಲ.”

ಅಧಿಕಾರಿ ನನ್ನ ಕಡೆ ತಿರುಗಿ ಏನು ಹೇಳುತ್ತೀರಿ ಅಂದರು. ಏನು ಹೇಳಲಿ? ಯಾರಿಗಾಗಿ ಕೆಲಸವನ್ನೇ ಪಣಕ್ಕಿಟ್ಟು ನಿಂತಿದ್ದೆನೋ ಆಕೆಯೇ ನನ್ನನ್ನು ಸುಳ್ಳಿಯನ್ನಾಗಿ ಮಾಡಿ ಕೂರಿಸಿದ್ದಳು. ನನ್ನ ಹಿಂದೆ ಕುಳಿತಿದ್ದ ಹೆಂಗಸರ ಪೈಕಿ ಒಬ್ಬಳೂ ಬಾಯಿ ಬಿಡಲಿಲ್ಲ, ಅವರೆಲ್ಲ ಪೆದ್ದಮ್ಮನ ಊರಿನವರೇ. ಪೆದ್ದಮ್ಮ ಹೇಳಿದ್ದನ್ನೇ ಅಧಿಕಾರಿ ಬರೆದುಕೊಂಡು, ಆಸ್ಪತ್ರೆಯ ಖರ್ಚನ್ನು ಕಂಪನಿ ನೋಡಿಕೊಳ್ಳುತ್ತದೆ, ಆದರೆ ಆಕೆಯನ್ನು ಇನ್ನು ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಹೇಳಿ ಹೋದರು. ಸೈಟಿನ ಸುರಕ್ಷತೆಗೆ ಸ್ಥಳೀಯರೊಬ್ಬರನ್ನು ನೇಮಿಸಬೇಕು ಎಂದೂ ಹೇಳಿದರು. ಇನ್‌ಚಾರ್ಜರು ಆಪರೇಟರ್ ಹೆಸರು ಕೊಟ್ಟರು. ಅವರಾದರೂ ಮಾತು ಉಳಿಸಿಕೊಂಡರು.

ಸಿಟ್ಟು ಇಳಿಯದೆಯೇ ನಾನು ಅವನು ಪಾವಗಡದಲ್ಲಿ ಮಾಡಿಕೊಂಡಿದ್ದ ಮನೆಗೆ ಹೋದೆ. ಅವನು ಡ್ಯೂಟಿಯಲ್ಲಿದ್ದ. ಅವನ ಹೆಂಡತಿ ನನ್ನ ಮುಖ ನೋಡದೆ ಕಾಫಿ ಇಟ್ಟು ಒಳಗೆ ಹೋದಳು. ಪೆದ್ದಮ್ಮ ಗೋಡೆಗೆ ಒರಗಿ, ಎಡಗೈಯಲ್ಲಿ ಅವನ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡು ಕುಳಿತಿದ್ದಳು. ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಬಟ್ಟೆ ಬಿಚ್ಚಿದ್ದು ಅವನೇ ಎಂದು ಆಕೆಗೆ ಗೊತ್ತಿತ್ತು. ಆಸ್ಪತ್ರೆಯಲ್ಲೇ ಅವನು ಕಾಲು ಹಿಡಿದು ಎಲ್ಲ ಹೇಳಿಕೊಂಡಿದ್ದನಂತೆ.

“ಮಾರಮ್ಮನ ಬಟ್ಟೆ ನಾನೇ ಬಿಚ್ಚಿದೆ ಅಂತ ಸುಳ್ಳು ಹೇಳಿದೆಯಲ್ಲ, ನಿಂಗೆ ಭಯ ಆಗ್ಲಿಲ್ವ?” ಎಂದೆ.

“ಆಯಮ್ಮಂಗೆ ಎಲ್ಲಾ ಗೊತ್ತೈತೆ. ಆಯಮ್ಮಂತಾವ ನಾನು ಮಾತಾಡ್ಕಂತೀನಿ ಬುಡು,” ಅಂದಳು. ಮಗು ಆಕೆಯ ಸುಟ್ಟ ಕೈಯ ಬ್ಯಾಂಡೇಜು ಎಳೆಯಲು ಹೋಯಿತು, ಬಿಡಿಸಿದಳು. “ನಿಂತಾವ ಮಾತಾಡೋದೇ ಕಷ್ಟ ಕಣಮ್ಮ. ನೀನು ನನ್ ಕಡೀಕೇ ನಿಂತಿದ್ದೆ. ನಾನು ನಿನ್ ಕಡೀಕೆ ನಿಲ್ಲಕ್ಕಾಗ್ಲಿಲ್ಲ. ಏಂ ಚೇಸೇದಿ, ಏನ್ ಮಾಡ್ಲಿ, ಎತ್ತಿ ಬೆಳೆಸಿದ್ ಕೈ.”

ಬಟ್ಟೆ ಬಿಚ್ಚಿದವನು ಅವನು ಎಂದು ಇನ್ನು ಯಾರ ಮುಂದೆಯೂ ಹೇಳುವುದಿಲ್ಲ ಎಂದು ಮಾತು ಕೊಡು ಅಂದಳು. ನನಗೆ ಕೊಡಲು ಮನಸ್ಸಿರಲಿಲ್ಲ. ಆಕೆ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕೊಟ್ಟೆ. ಕೊಟ್ಟು ಮನೆಗೆ ಬಂದ ಮೇಲೆ, ಕೆಲಸ ಬಿಟ್ಟು ಶಿರಾದ ಕಡಲೆಕಾಯಿ ಮಿಲ್ಲುಗಳ ಮಾಡಿನ ಮೇಲಿನ ಪ್ಯಾನೆಲ್ ತೊಳೆಸುವ ಗುತ್ತಿಗೆಗೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಈಗ ಹೊಸ ಬೀಗಗಳು ಬಂದಿದ್ದವು, ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿದವರ ಜೇಬಿನಲ್ಲೇ ಕೀಲಿ ಇರಬೇಕು ಎಂಬ ನಿಯಮ ಬಂದಿತ್ತು, ಒಡೆದ ಪ್ಯಾನೆಲುಗಳನ್ನು ಬದಲಾಯಿಸಿದ್ದರು. ಅದೆಲ್ಲ ಮಾಡಿಸಿದ ಮೇಲೆ ನಾನು ಯಾಕೆ 'ಓಡಿಹೋದಳು' ಅನ್ನಿಸಿಕೊಳ್ಳಲಿ?

ಘಟಕ ಕೈ ಬದಲಾದ ಮೇಲೆ ಹೊಸ ಹೆಂಗಸರನ್ನು ತೆಗೆದುಕೊಂಡರು. ಕೊರಟಗೆರೆಯ ಕೊಳಾಲದ ಕಡೆಯವರು ಕೆಲವರು, ಗಡಿಯಾಚೆಯವರು ಕೆಲವರು. ಮೊದಲ ದಿನ ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ ಸುರಕ್ಷತೆಯ ಪಾಠ ಹೇಳಬೇಕು. ಹೇಳುವವನು ಅವನು, ನಮ್ಮ ಹಳೆಯ ಆಪರೇಟರ್. ಹಳದಿ ಹೆಲ್ಮೆಟ್ಟು, ಹೊಸ ಗುರುತಿನ ಚೀಟಿ. ನಾನು ಸೂಪರ್‌ವೈಸರಾದ್ದರಿಂದ ಪಕ್ಕದಲ್ಲಿ ಕೂರಲೇಬೇಕು. ಪಾಠವನ್ನು ಅವನು ಚೆನ್ನಾಗಿಯೇ ಹೇಳಿದ, ಸುಳ್ಳು ಹೇಳಬಾರದು. ಪ್ಯಾನೆಲ್ ಆರುವುದಿಲ್ಲ ಎಂಬುದನ್ನು ಮೀಟರ್ ಹಿಡಿದು ತೋರಿಸಿದ. ಬಿಸಿ ಗಾಜಿಗೆ ನೀರು ಬೇಡ, ಚೌಕಟ್ಟಿಗೆ ಮೈ ತಾಗಿಸಬೇಡಿ ಅಂದ. ಆಮೇಲೆ ಧ್ವನಿ ಏರಿಸಿದ.

“ಕಟ್ಟಿರೋ ಗುರುತು ಯಾರೂ ಬಿಚ್ಚಂಗಿಲ್ಲ. ಹಿಂದೆ ಇಲ್ಲಿ ಒಬ್ಬ ಹೆಂಗ್ಸು ತಾನೇ ಬಿಚ್ಚಿ, ತಾನೇ ಮರ್ತು ನೀರಾಕಿ ಕರೆಂಟ್ ಹೊಡಿಸ್ಕಂಡ್ಳು. ಒಬ್ರ ಬೇಜವಾಬ್ದಾರಿ ಎಲ್ರಿಗೂ ತೊಂದ್ರೆ. ತಿಳೀತಾ?”

ಯಾರೋ ಬರೆದುಕೊಟ್ಟದ್ದನ್ನು ಓದಿದ ಹಾಗೆ ಒಂದು ತಡವರಿಕೆಯೂ ಇಲ್ಲದೆ ಹೇಳಿದ. ಎದ್ದು ನಿಂತು ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಕೊಟ್ಟ ಮಾತು ಅಡ್ಡ ಬಂತು, ನುಂಗಿಕೊಂಡೆ. ಆಗ ಕೊಳಾಲದ ಕಡೆಯ ಹೆಂಗಸೊಬ್ಬಳು, ಪಾಪ ಮರುಕದಿಂದಲೇ, ಬದುಕಿದ್ದಾಳಾ ಸಾರ್, ಈಗ ಎಲ್ಲಿದ್ದಾಳೆ ಎಂದು ಕೇಳಿದಳು.

ಅವನು ಮೇಜಿನ ಮೇಲಿದ್ದ ಗ್ಲೌಸನ್ನು ತೆಗೆದುಕೊಂಡ, ಮತ್ತೆ ಇಟ್ಟ. ಎಲ್ಲರೂ ಕಾಯುತ್ತಿದ್ದರು.

“ಬದುಕವ್ಳೆ,” ಎಂದೆ ನಾನು. “ಇವ್ರ ಮನೇಲೇ ಅವ್ಳೆ. ಇವ್ರ ತಾಯಿಯ ಅಕ್ಕ, ಸಾಕಿದೋಳು. ಬಲಗೈ ಮ್ಯಾಕೆ ಏಳಲ್ಲ. ಎಡಗೈಯಾಗೆ ಇವ್ರ ಮಗೀನ ಎತ್ಕಂಡು ಓಡಾಡ್ತಾಳೆ.”

ಹೆಂಗಸರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಏನು ತಿಳಿಯಿತೋ ಗೊತ್ತಿಲ್ಲ. ಅವನ ಮುಖ ಮಾತ್ರ ಕೆಳಗಾಯಿತು. ನಾನು ಎದ್ದು ಬಾಗಿಲು ದಾಟುವಾಗ ಹಿಂದಿನಿಂದ ‘ಅಕ್ಕ’ ಎಂದು ಕರೆದದ್ದು ಕೇಳಿಸಿತು. ಆ ಕೋಣೆಯಲ್ಲಿ ಅವನಿಗಿಂತ ದೊಡ್ಡ ಹೆಂಗಸರು ಬೇಕಾದಷ್ಟು ಜನ ಕುಳಿತಿದ್ದರು. ಅವರಲ್ಲಿ ಯಾರನ್ನು ಕರೆದನೋ ಏನೋ ಎಂದುಕೊಂಡು ನಾನು ಹೊರಟುಹೋದೆ.